ಕಾಳೀ ನದಿಯ ಸಾಲ

ನಮ್ಮ ಧಾರವಾಡದಲ್ಲಿ ನಳಕ್ಕೆ ನೀರು ಬರುವ ದಿನವೆಂದರೆ ಮನೆಯಲ್ಲಿ ಸಣ್ಣದೊಂದು ಹಬ್ಬವೇ ಸರಿ. ಕೊಡ, ಬಕೀಟು, ಹಂಡೆ, ಕೊನೆಗೆ ದೇವರಮನೆಯ ತಂಬಿಗೆಯವರೆಗೆ ಎಲ್ಲವೂ ತುಂಬಿದ ಮೇಲೆಯೇ ಮನೆಯೊಡತಿಗೆ ಸಮಾಧಾನ. ಹೀಗೆ ನೀರನ್ನು ಎಣಿಸಿ ಬಳಸುವ ಊರಿನವನಾದ ನಾನು, ಐವತ್ತೆಂಟರ ವಯಸ್ಸಿನಲ್ಲಿ, ಈಜು ಬಾರದವನು, ಮೊರೆಯುವ ಹೊಳೆಯಲ್ಲಿ ರಬ್ಬರಿನ ದೋಣಿಯೇರಿ ಕುಳಿತೆನೆಂದರೆ ಪ್ರಿಯ ವಾಚಕರು ನಂಬಲಿಕ್ಕಿಲ್ಲ. ಆದರೂ ನಡೆದದ್ದು ನಿಜ.

ಇದಕ್ಕೆಲ್ಲ ಮೂಲ ನನ್ನ ಮಗಳು. ಬೆಂಗಳೂರಿನಲ್ಲಿ ನೌಕರಿ ಮಾಡುವ ಅವಳು ರಜೆಗೆ ಬರುವಾಗ ಬಣ್ಣಬಣ್ಣದ ಪ್ರವಾಸಪತ್ರಿಕೆಯೊಂದನ್ನು ತಂದಿದ್ದಳು. ಲಾವೋಸ್ ದೇಶದ ನಾಮ್ ಊ ಎಂಬ ನದಿಯಲ್ಲಿ ಕಯಾಕ್ ಎಂಬ ಕಿರುದೋಣಿಯ ಪಯಣ, ದಂಡೆಯ ಹಳ್ಳಿಗಳಲ್ಲಿ ವಸತಿ, ಗುಡ್ಡಗಾಡಿನಲ್ಲಿ ಕಾಲ್ನಡಿಗೆ, ಜೊತೆಗೆ ಮಾರ್ಗದರ್ಶಕ. ಖರ್ಚಿನ ಅಂಕಿಯನ್ನು ಕಂಡು ನಮ್ಮ ಮನೆಯವರು ಚಷ್ಮಾ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ನಾನು ಸುಮ್ಮನಿರಬಹುದಾಗಿತ್ತು. “ಹೊಳಿ ನೋಡಲಿಕ್ಕೆ ಅಷ್ಟು ದೂರ ಯಾಕವ್ವಾ? ನಮ್ಮ ಕಾಳಿ ಎರಡು ತಾಸಿನ ಹಾದಿ,” ಎಂದುಬಿಟ್ಟೆನು. “ಹಂಗಾದ್ರ ನೀವೂ ದೋಣ್ಯಾಗ ಕೂಡಬೇಕು, ಅಪ್ಪಾ,” ಎಂದಳು ಮಗಳು. ಆಡಿದ ಮಾತು ಹಿಂದೆ ಬರುವದುಂಟೆ?

ಫೆಬ್ರುವರಿಯ ಒಂದು ಶನಿವಾರ ಹಳಿಯಾಳದ ಮಾರ್ಗವಾಗಿ ಹೊರಟೆವು. ಧಾರವಾಡದಿಂದ ದಾಂಡೇಲಿಗೆ ಐವತ್ತೈದು ಕಿಲೋಮೀಟರಿನ ಆಸುಪಾಸು. ಬಯಲುಸೀಮೆಯ ಹೊಲಗಳು ಹಿಂದೆ ಸರಿದು, ಸಾಗವಾನಿಯೂ ಬಿದಿರೂ ರಸ್ತೆಗೆ ನೆರಳು ಹಿಡಿಯತೊಡಗಿದವು. ದಾಂಡೇಲಿಯ ಆಚೆ ಗಣೇಶಗುಡಿಯಲ್ಲಿ ನಮ್ಮ ಬಿಡಾರ.

ಕಾಳೀ ನದಿಯು ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಕಡಲನ್ನು ಸೇರುತ್ತದೆ. ತವರೂ ಉತ್ತರ ಕನ್ನಡ ಜಿಲ್ಲೆಯೇ, ಗಂಡನ ಮನೆಯೂ ಅದೇ ಜಿಲ್ಲೆ. ಆದರೆ ದುಡಿತ ಮಾತ್ರ ಇಡೀ ನಾಡಿಗೆ. ಗಣೇಶಗುಡಿಯಲ್ಲಿ 1987ರಲ್ಲಿ ಪೂರ್ಣಗೊಂಡ, 101 ಮೀಟರು ಎತ್ತರದ ಸೂಪಾ ಅಣೆಕಟ್ಟಿನ ಬುಡದಲ್ಲಿ ಅದರ ನೀರಿನಿಂದ 100 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬಹುದು. ಅದೇ ನೀರು ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿಯೂ ಯಂತ್ರಗಳನ್ನು ತಿರುಗಿಸುತ್ತದೆ. ಒಂದೇ ಹೊಳೆ ನಾಲ್ಕು ಸಲ ದುಡಿದ ಮೇಲೆ ಸಮುದ್ರಕ್ಕೆ ಬಿಡುಗಡೆ!

ಮರುದಿನ ನಸುಕಿನಲ್ಲಿ ಕಾಡಿನ ಅಂಚಿನ ಕಾಲುದಾರಿಯಲ್ಲಿ ನಡೆದೆವು. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. ಅನುಮತಿಯೂ ಬಲ್ಲವರ ಜೊತೆಯೂ ಇಲ್ಲದೆ ಅಡವಿಯಲ್ಲಿ ಅಲೆಯುವಂತಿಲ್ಲ. ನಮ್ಮ ಜೊತೆಗಿದ್ದವನು ಇಪ್ಪತ್ತನಾಲ್ಕರ ತರುಣ. ಎತ್ತರದ ಮರವೊಂದರ ಪೊಟರೆಯನ್ನು ಅವನು ಬೆರಳೆತ್ತಿ ತೋರಿಸಿದ. ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಒಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಂಡರೆ, ಉಳಿದ ಸಣ್ಣ ಸೀಳಿನಿಂದ ಗಂಡು ವಾರಗಟ್ಟಲೆ ಹಣ್ಣು ತಂದು ತಿನ್ನಿಸಬೇಕು. “ಕೇಳಿದ್ರ್ಯಾ?” ಎಂದು ನಮ್ಮ ಮನೆಯವರು ನನ್ನ ಕಡೆಗೆ ನೋಡಿದರು. ನಾನು ಮರದ ಎತ್ತರವನ್ನು ಅಳೆಯುವವನಂತೆ ಮೇಲೆ ನೋಡಿದೆನು.

ಹೊಳೆಗೆ ಬಂದರೆ ನೀರೇ ಇಲ್ಲ! ಬಂಡೆಗಳ ನಡುವೆ ಸಣ್ಣ ಧಾರೆಗಳು ಮಾತ್ರ. “ಮಷೀನ್ ಚಾಲೂ ಆಗಲಿ ಸರ್, ಬರತದ,” ಎಂದ ತರುಣ. ಬೇಸಿಗೆಯಲ್ಲಿ ಇಲ್ಲಿನ ಪ್ರವಾಹವು ಮೋಡವನ್ನು ಕಾಯುವದಿಲ್ಲ. ವಿದ್ಯುದಾಗಾರದ ಗುಂಡಿಯನ್ನು ಕಾಯುತ್ತದೆ. ಎಲ್ಲಿಯೋ ದೀಪಗಳಿಗೆ ವಿದ್ಯುತ್ತು ಬೇಕಾದಾಗ ಇಲ್ಲಿ ಹೊಳೆ ಏರುತ್ತದೆ. ಮುಕ್ಕಾಲು ತಾಸಿನಲ್ಲಿ ಕಲ್ಲುಗಳು ಒಂದೊಂದಾಗಿ ಮುಳುಗಿ, ಮೊರೆತ ಎದ್ದಿತು.

ಜೀವರಕ್ಷಕ ಅಂಗಿಯನ್ನು ಬಿಗಿದು, ತಲೆಗೆ ಹೆಲ್ಮೆಟ್ಟು ಹಾಕಿಸಿ, ಅವನು ಒಂದೇ ಪಾಠವನ್ನು ಮೂರು ಸಲ ಒಪ್ಪಿಸಿದ. “ನೀರಾಗ ಬಿದ್ರ ಎದ್ದು ನಿಲ್ಲಾಕ ಹೋಗಬ್ಯಾಡ್ರಿ. ಕಲ್ಲಿನ ಸಂದ್ಯಾಗ ಕಾಲು ಸಿಕ್ಕರ ಹೊಳಿ ಬಿಡೂದಿಲ್ಲ. ಅಂಗಾತ ಮಲಗಿ, ಕಾಲು ಮುಂದ ಚಾಚರಿ.” ಮೂವತ್ತು ವರುಷ ಕಛೇರಿಯಲ್ಲಿ ಹುಕುಂ ಮಾಡಿದವನಿಗೆ ಹುಡುಗನ ಹುಕುಂ ಕೊಂಚ ಹೆಚ್ಚೆನಿಸಿತು.

ಮೂರನೆಯ ಇಳಿಜಾರಿನಲ್ಲಿ ದೋಣಿ ಮೂತಿಯೆತ್ತಿತು. ಮರುಕ್ಷಣ ನಾನು ದೋಣಿಯಲ್ಲಿರಲಿಲ್ಲ. ಕಿವಿಯಲ್ಲಿ ಗುಡುಗು, ಕಣ್ಣ ಮುಂದೆ ಹಸಿರು ಕತ್ತಲೆ. ಕಾಲಿಗೆ ಕಲ್ಲು ತಗುಲಿದೊಡನೆ ಎದ್ದು ನಿಲ್ಲಬೇಕೆಂದೇ ದೇಹವೆಲ್ಲ ಹಟ ಹಿಡಿಯಿತು. ಅಷ್ಟರಲ್ಲಿ ಮಗಳ ಕೂಗು: “ಅಪ್ಪಾ, ಕಾಲು ಮುಂದ!” ಅಂಗಾತನಾದೆನು. ಹೊಳೆ ನನ್ನನ್ನು ಹಲಗೆಯಂತೆ ಹೊತ್ತು ಬಂಡೆಯ ಪಕ್ಕದಿಂದ ದಾಟಿಸಿತು. ಕಾವಲಿಗೆಂದು ಕಯಾಕಿನಲ್ಲಿ ಹಿಂದೆಯೇ ಬರುತ್ತಿದ್ದವನೊಬ್ಬನು ಅದರ ತುದಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟು ತಿಳಿನೀರಿಗೆ ಎಳೆದನು. ದೋಣಿಯೊಳಗೆ ಎತ್ತಿದ ಮೇಲೆ ಮಗಳು ಮಾತನಾಡಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದವಳು ದಡ ಸೇರುವವರೆಗೂ ಬಿಡಲಿಲ್ಲ.

“ಹೊಳೆಯ ವಿಷಯ ಇಷ್ಟು ಹೇಗೆ ಬಲ್ಲೆಯಪ್ಪಾ?” ಎಂದು ಚಹಾ ಕುಡಿಯುವಾಗ ತರುಣನನ್ನು ಕೇಳಿದೆನು. ಅವನು ಅಣೆಕಟ್ಟಿನ ಕಡೆಗೆ ಕೈ ಮಾಡಿದ. “ಅದರ ಹಿಂದ ನಮ್ಮ ಅಜ್ಜೀ ಮನಿ ಅದರೀ. ನೀರಿನ ತಳದಾಗ.”

ಪಾಂಡರಿ ನದಿಯು ಕಾಳಿಯನ್ನು ಕೂಡುವಲ್ಲಿ ಸೂಪಾ ಎಂಬ ಊರಿತ್ತು. ತಾಲೂಕಿಗೇ ಹೆಸರು ಕೊಟ್ಟ ಊರು. ಜಲಾಶಯವು ತುಂಬಿದಾಗ ಅದು ಸುತ್ತಲಿನ ಹಳ್ಳಿಗಳೊಡನೆ ಮುಳುಗಿತು. ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ತಾಲೂಕಿನ ಕೇಂದ್ರ ಜೋಯಿಡಾ ಆಯಿತು. ಅಜ್ಜಿಯ ಅಂಗಳದ ಮೇಲೆ ನಿಂತ ನೀರನ್ನು ಯಂತ್ರವು ಇಷ್ಟಿಷ್ಟೇ ಬಿಡುತ್ತದೆ; ಅದರ ಮೇಲೆ ಮೊಮ್ಮಗ ಪರಸ್ಥಳದವರನ್ನು ದಾಟಿಸಿ ಹೊಟ್ಟೆ ಹೊರೆಯುತ್ತಾನೆ. ಅದನ್ನು ಅವನು ದೂರಿನಂತೆ ಹೇಳಲಿಲ್ಲ; ಮನೆಯ ವಿಳಾಸ ಹೇಳುವಂತೆ ಹೇಳಿದ.

ರಾತ್ರಿ ಮಗಳು ಲಾವೋಸಿನ ನದಿಯ ವಿಷಯ ಓದಿ ಹೇಳಿದಳು. ಆ ನಾಮ್ ಊ ನದಿಗೂ ಒಂದರ ಹಿಂದೊಂದು ಏಳು ಅಣೆಕಟ್ಟುಗಳು. 2021ರ ಹೊತ್ತಿಗೆ ಏಳರಲ್ಲಿಯೂ ವಿದ್ಯುತ್ತು ತಯಾರಾಗತೊಡಗಿತಂತೆ. ದಂಡೆಯ ಹಳ್ಳಿಗಳು ಅಲ್ಲಿಯೂ ಸ್ಥಳ ಬಿಟ್ಟವು. ಬಣ್ಣದ ಪತ್ರಿಕೆಯಲ್ಲಿ ಆ ಮಾತಿರಲಿಲ್ಲ. “ಅಲ್ಲಿನೂ ಯಾರದೋ ಅಜ್ಜೀ ಮನಿ ಇರತದಲ್ಲಾ, ಅಪ್ಪಾ,” ಎಂದಳು. ದೀಪವೇನು, ಈ ಬರಹವನ್ನು ಬರೆಯುವಾಗ ತಿರುಗುವ ಪಂಖವೇನು, ಎಲ್ಲವೂ ನಮಗೆ ಬೇಕು. ಅಣೆಕಟ್ಟೇ ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ಸಾಲಗಾರನಿಗೆ ಸಾಲ ಕೊಟ್ಟವರ ಗುರುತಾದರೂ ಇರಬೇಡವೆ?

ಹೊರಡುವಾಗ ತರುಣನ ಕೈಯಲ್ಲಿ ನಾಲ್ಕು ನೋಟುಗಳನ್ನಿಟ್ಟೆನು. ಅವನು ಸಂಕೋಚದಿಂದ ಇಸಿದುಕೊಂಡು, “ಒಂದು ಮಾತು ರೀ ಸರ್. ನಿಮ್ಮ ಊರ ಮಂದಿ ಖಾಲೀ ಬಾಟ್ಲಿ ಹೊಳ್ಯಾಗ ಒಗೀತಾರ. ಒಗೀಬ್ಯಾಡ್ರಿ ಅಂತ ಹೇಳತೀರೇನು?” ಎಂದ.

ಹೊಳೆಯಲ್ಲಿ ಅವನ ಮಾತು ಕೇಳಿದ್ದರಿಂದ ಬದುಕಿದವನು ನಾನು. ಈ ಮಾತನ್ನೂ ಕೇಳಿ, ಹುಬ್ಬಳ್ಳಿ-ಧಾರವಾಡದ ಮಹಾಜನರಿಗೆ ಇಲ್ಲಿ ಅರಿಕೆ ಮಾಡಿದ್ದೇನೆ.