ಹೊಳೆಯ ಆಚೆ–ಈಚೆಯ ಪೈಪೋಟಿಗೆ ಒಂದು ದಿನ ಬೇಕು

1997ರಲ್ಲಿ ವಿಜಯಪುರ ಜಿಲ್ಲೆ ಒಡೆದು ಬಾಗಲಕೋಟೆ ಬೇರೆಯಾಯಿತು. ಕಚೇರಿ, ಕಡತ, ಸಿಬ್ಬಂದಿ ಎಲ್ಲ ಪಾಲಾದವು. ಸೈಕ್ಲಿಂಗ್ ಮಾತ್ರ ಪಾಲಾಗಲಿಲ್ಲ. ಕೃಷ್ಣೆಯ ಎರಡೂ ಕಡೆ ಬೇರೂರಿತು. ರಾಜ್ಯಮಟ್ಟದ ರೇಸುಗಳಲ್ಲಿ ಈ ಎರಡು ಜಿಲ್ಲೆಗಳ ಹುಡುಗ–ಹುಡುಗಿಯರು ಎದುರುಬದುರಾಗುತ್ತಾರೆ, ರಾಷ್ಟ್ರೀಯ ಕೂಟಕ್ಕೆ ಹೋದಾಗ ಅದೇ ಎದುರಾಳಿಗಳು ಕರ್ನಾಟಕದ ಒಂದೇ ಜೆರ್ಸಿ ತೊಡುತ್ತಾರೆ.

ಇಷ್ಟು ಹಳೆಯ, ಇಷ್ಟು ಜೀವಂತ ಪೈಪೋಟಿಯನ್ನು ನೋಡುವವರೇ ಇಲ್ಲ.

ಬಯಲುಸೀಮೆಯ ರಸ್ತೆಯೇ ಇಲ್ಲಿನವರ ಮೊದಲ ಗುರು. ವಿಜಯಪುರ ನಗರದಿಂದ ಅಥಣಿ ಕಡೆ ಹೊರಟರೆ ತಿಕೋಟಾ, ಜಮಖಂಡಿ ಕಡೆ ಹೊರಟರೆ ಬಬಲೇಶ್ವರ; ತರಬೇತಾದ ಸೈಕ್ಲಿಸ್ಟಿಗೆ ಎರಡೂ ತಾಸಿನೊಳಗಿನ ಹಾದಿ. ಗಾಳಿ ತಡೆಯಲು ಗುಡ್ಡವಿಲ್ಲ, ಕಾಡಿಲ್ಲ. ಎದುರುಗಾಳಿ ಎದ್ದಾಗ ಸವಾರರು ಸಾಲುಗಟ್ಟುತ್ತಾರೆ. ಹಿಂದಿನವನ ಮುಂಗಾಲಿ ಮುಂದಿನವನ ಹಿಂಗಾಲಿಗೆ ಗೇಣಿನಷ್ಟೇ ದೂರ. ಮುಂದಿದ್ದವನು ಗಾಳಿ ಸೀಳಿ ದಣಿದು ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವನು ಆ ಜಾಗ ತುಂಬುತ್ತಾನೆ. ತುಸು ಎಚ್ಚರ ತಪ್ಪಿದರೆ ಇಡೀ ಸಾಲು ನೆಲಕ್ಕೆ. ಇಷ್ಟೆಲ್ಲ ನಡೆಯುವುದು ಬೆಳಗಿನ ಜಾವ, ಹಾಲಿನ ವ್ಯಾನು ಮತ್ತು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ.

ನೆರೆಹೊರೆಯ ಪೈಪೋಟಿಯನ್ನು ಐರ್ಲೆಂಡಿನವರು ಬೇರೆಯೇ ರೀತಿ ಸಾಕಿದ್ದಾರೆ. ಕೈಕಾಲು ಎರಡನ್ನೂ ಬಳಸಿ ತಂಡಕ್ಕೆ 15 ಮಂದಿ ಆಡುವ ಗೇಲಿಕ್ ಫುಟ್‌ಬಾಲ್ ಅವರ ನಾಡಾಟ. ಅದನ್ನು ನಡೆಸುವ ಸಂಘ ಹುಟ್ಟಿದ್ದು 1884ರಲ್ಲಿ. ಆಟಗಾರರಿಗೆ ಸಂಬಳವಿಲ್ಲ. ವಾರವೆಲ್ಲ ಶಿಕ್ಷಕ, ರೈತ, ಬಡಗಿಯಾಗಿ ದುಡಿದವರು ತಮ್ಮ ಕೌಂಟಿಯ ಬಣ್ಣ ತೊಟ್ಟು ಇಳಿಯುತ್ತಾರೆ. ಕೆರ್ರಿ ಮತ್ತು ಕಾರ್ಕ್ ಅಕ್ಕಪಕ್ಕದ ಕೌಂಟಿಗಳು. 2025ರವರೆಗೆ ಕೆರ್ರಿ 39 ಸಲ ದೇಶದ ಚಾಂಪಿಯನ್, ಕಾರ್ಕ್ ಬರೀ 7 ಸಲ. 2007 ಮತ್ತು 2009ರ ಫೈನಲ್‌ಗಳಲ್ಲಿ ಕಾರ್ಕ್ ಸೋತದ್ದು ಇದೇ ಕೆರ್ರಿಗೆ. ಆದರೂ 2010ರಲ್ಲಿ ಅದು ಕಪ್ ಎತ್ತಿತು. ಯಾವ ಊರಿನವನು ಯಾವ ತಂಡಕ್ಕೆ, ಪಂದ್ಯ ಯಾವ ತಿಂಗಳಲ್ಲಿ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು.

ಇಂಥ ಅಭಿಮಾನ ನಮ್ಮ ನೆಲಕ್ಕೆ ಹೊಸತೇನಲ್ಲ. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿ ಮಹಿಪತಿದಾಸರ ಊರು. ಕಾರ ಹುಣ್ಣಿಮೆಯ ಕರಿಗೂ ಅಷ್ಟೇ ಹೆಸರುವಾಸಿ. ಹಬ್ಬ ಕಳೆದ ಮೇಲೆ ನಡೆಯುವ ಆ ಎತ್ತುಗಳ ಓಟಕ್ಕೆ ಸುತ್ತಲಿನ ಹಳ್ಳಿಗಳ ಜನ ಮಾಳಿಗೆ ಏರಿ ನಿಲ್ಲುತ್ತಾರೆ. ಗಾಯಗಳೂ ಆಗುತ್ತವೆ, ಅದನ್ನು ಹೊಗಳಬೇಕಿಲ್ಲ. ಆದರೆ ಅಲ್ಲಿ ಜನ ಸೇರುವುದಕ್ಕೆ ಕಾರಣ ಸ್ಪಷ್ಟ: ದಿನ ಗೊತ್ತಿದೆ, ಜಾಗ ಗೊತ್ತಿದೆ, ಎತ್ತು ಯಾರದೆಂದೂ ಗೊತ್ತಿದೆ. ಸೈಕ್ಲಿಂಗಿಗೆ ಈ ಮೂರೂ ಇಲ್ಲ.

ಸರ್ಕಾರದ ಗಮನವೆಲ್ಲ ಕಟ್ಟಡದ ಮೇಲೆ. ವಿಜಯಪುರದ ವೆಲೋಡ್ರೋಮ್, ಅಂದರೆ ಸೈಕಲ್ ಟ್ರ್ಯಾಕಿನ ಕಥೆ ದಶಕ ದಾಟಿ ಎಳೆಯಿತು. ಟ್ರ್ಯಾಕ್ ಬೇಕೇ ಬೇಕು, ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳೂ ಬೇಕು. ಆದರೆ ನೋಡುವ ಜನವಿಲ್ಲದಿದ್ದರೆ ಪ್ರಾಯೋಜಕ ಬರುವುದಿಲ್ಲ, ಕಾಮಗಾರಿ ನಿಂತರೆ ಕೇಳುವವರೂ ಇರುವುದಿಲ್ಲ. ಕಾಂಕ್ರೀಟಿಗಿಂತ ಕಡಿಮೆ ದುಡ್ಡಿನಲ್ಲಿ ಆಗುವ ಕೆಲಸ, ವರ್ಷಕ್ಕೊಂದು ಅಂತರಜಿಲ್ಲಾ ರೇಸ್.

ಜನವರಿ ಅದಕ್ಕೆ ಹದವಾದ ತಿಂಗಳು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ನಗರದಲ್ಲಿ ಹೇಗೂ ಜನ ತುಂಬಿರುತ್ತಾರೆ, ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಕಟಾವು ಶುರುವಾಗುವ ಹೊತ್ತು. ವೃಕ್ಷೋಥಾನ್ ಓಟಕ್ಕಾಗಿ ಒಂದು ಬೆಳಗು ರಸ್ತೆ ಬಿಟ್ಟುಕೊಡುವುದು ವಿಜಯಪುರಕ್ಕೆ ಈಗಾಗಲೇ ರೂಢಿ. ಗೋಳಗುಮ್ಮಟದ ಮುಂದೆ ಹೊರಟು, ಒಂದು ವರ್ಷ ತಿಕೋಟಾ ಪೇಟೆಯಲ್ಲಿ, ಮರುವರ್ಷ ಬಬಲೇಶ್ವರದಲ್ಲಿ ಮುಗಿಯಲಿ; ಮೂರನೆಯ ವರ್ಷ ಹೊಳೆ ದಾಟಿ ಬಾಗಲಕೋಟೆಗೆ. ಸವಾರರ ಬೆನ್ನ ಮೇಲೆ ಸಂಖ್ಯೆಯ ಜೊತೆಗೆ ಊರಿನ ಹೆಸರೂ ಇರಲಿ, ಹುಡುಗಿಯರ ರೇಸಿಗೂ ಅಷ್ಟೇ ಬಹುಮಾನ ಇರಲಿ. ಎರಡೂ ಜಿಲ್ಲಾಡಳಿತಗಳು ಕೂತು ದಿನ ಗೊತ್ತುಮಾಡಿದರೆ ಮುಂದಿನ ಜಾತ್ರೆಯ ಹೊತ್ತಿಗೇ ಮೊದಲ ರೇಸ್ ನಡೆಸಬಹುದು.