ಎರಡು ಕೊಂಬುಗಳ ಮರ್ಮ

ಕಳೆದ ತಿಂಗಳು ಒಂದು ರಾತ್ರಿ ಹತ್ತು ಗಂಟೆಯ ವೇಳೆಗೆ, ಪರಸ್ಥಳದಲ್ಲಿರುವ ನಮ್ಮ ಮಗಳು ಮೊಬೈಲಿನಲ್ಲಿ ಕರೆದಳು. ಅಳಿಯನಿಗೆ ಜ್ವರವೇರಿ ಆಸ್ಪತ್ರೆಗೆ ಸೇರಿಸಿದ್ದರು. “ಅಪ್ಪಾ, ಈ ರಾತ್ರಿ ಹೊರಟು ಬರಬೇ—” ಎಂಬಲ್ಲಿಗೆ ಧ್ವನಿಯು ಅಡಗಿಹೋಯಿತು. ನಮ್ಮ ಭಾಷೆಯಲ್ಲಿ ವಿಧಿಯಾಗಲಿ ನಿಷೇಧವಾಗಲಿ ಮಾತಿನ ಕಟ್ಟಕಡೆಯಲ್ಲಿ ಇರತಕ್ಕದ್ದಷ್ಟೆ. ‘ಬರಬೇಕು’ ಎಂದಳೋ ‘ಬರಬೇಡಿ’ ಎಂದಳೋ? ನನ್ನ ಮನೆಯಾಕೆಯು ಆಗಲೇ ಚೀಲಕ್ಕೆ ಬಟ್ಟೆ ತುಂಬತೊಡಗಿದ್ದಳು. ನಾನು ಗಾಬರಿಯಲ್ಲಿ ಗೋಡೆಯ ಮೂಲೆಯಿಂದ ಎರಡು ಹೆಜ್ಜೆ ಈಚೆಗೆ ಬಂದೆನು; ಧ್ವನಿಯು ಮರಳಿ ಸ್ಫುಟವಾಯಿತು. “ಬರಬೇಡಿ, ಜ್ವರ ಇಳಿಯುತ್ತಾ ಇದೆ” ಎಂದಳು. ಒಂದಕ್ಷರದ ಲೋಪದಿಂದ ಇಬ್ಬರು ಮುದುಕರು ನಡುರಾತ್ರಿಯಲ್ಲಿ ಬೀದಿಗೆ ಬೀಳುವುದು ತಪ್ಪಿತು.

ಎರಡು ಹೆಜ್ಜೆಯಲ್ಲಿ ಅಷ್ಟು ಭೇದವೇಕೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ. ಗೋಪುರದಿಂದ ಹೊರಟ ರೇಡಿಯೋ ಅಲೆಯು ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಒಂದೇ ದಾರಿಯಲ್ಲಿ ಬರುವುದಿಲ್ಲ. ನೇರವಾಗಿ ಬಂದದ್ದು ಒಂದಾದರೆ, ಗೋಡೆಗೆ ತಾಗಿ ಬಂದದ್ದು ಒಂದು, ಎದುರುಮನೆಯ ತಗಡಿನ ಮಾಡಿಗೆ ಬಡಿದು ಬಂದದ್ದು ಮತ್ತೊಂದು. ಕೆರೆಯ ನೀರಿನಲ್ಲಿ ಎರಡು ಕಲ್ಲುಗಳನ್ನೆಸೆದು ನೋಡಿರಿ: ಉಬ್ಬಿಗೆ ಉಬ್ಬು ಕೂಡಿದ ಕಡೆ ಅಲೆಯು ದೊಡ್ಡದಾಗುವುದು, ಉಬ್ಬಿಗೆ ತಗ್ಗು ಕೂಡಿದ ಕಡೆ ನೀರು ನಿಶ್ಚಲವಾಗಿ ನಿಲ್ಲುವುದು. 2.4 ಗಿಗಾಹರ್ಟ್ಸಿನ ವೈಫೈ ಅಲೆಯ ಉದ್ದವು ಸುಮಾರು 12.5 ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತಲೂ ಕಡಿಮೆ. ಆದಕಾರಣ ಕೆಲವು ಅಂಗುಲ ಸರಿದ ಮಾತ್ರಕ್ಕೆ ತಗ್ಗಿನಿಂದ ಉಬ್ಬಿಗೆ ಬಂದುಬಿಡಬಹುದು. ಮೊಬೈಲಿನ ಅಲೆಗಳಿಗೂ ಇದೇ ನ್ಯಾಯ.

ಮನುಷ್ಯನು ಸರಿಯಬಲ್ಲನು, ಗೋಡೆಗೆ ತೂಗುಹಾಕಿದ ಪೆಟ್ಟಿಗೆಯು ಸರಿಯಲಾರದು. ಅದಕ್ಕೆ ಉಪಾಯವೆಂದರೆ ಒಂದರ ಬದಲು ಎರಡು ಮೂರು ಆಂಟೆನಾಗಳನ್ನು ಅಂತರವಿಟ್ಟು ನಿಲ್ಲಿಸುವುದು. ಒಂದು ಕಡೆ ಸಂಕೇತವು ಸೊರಗಿದ ಕ್ಷಣದಲ್ಲಿಯೇ ಇನ್ನೊಂದು ಕಡೆಯೂ ಸೊರಗುವುದು ಅಪರೂಪ. ಇಂತಹ ಬಹು ಆಂಟೆನಾ ಗ್ರಾಹಕದ ವಿವರವನ್ನು ಅಮೆರಿಕದ ಬೆವರೇಜ್ ಮತ್ತು ಪೀಟರ್ಸನ್ ಎಂಬ ಎಂಜಿನಿಯರುಗಳು 1931ರಷ್ಟು ಹಿಂದೆಯೇ ಪ್ರಕಟಿಸಿದರು. ಲೆಕ್ಕವೂ ಸುಲಭವಾದದ್ದೇ. ಒಂದು ದಾರಿಯು ಹತ್ತರಲ್ಲಿ ಒಂದು ಸಲ ಕೆಡುವುದೆಂದಿಟ್ಟುಕೊಳ್ಳಿರಿ. ಎರಡು ದಾರಿಗಳು ಒಂದರ ಹಂಗಿಲ್ಲದೆ ಇನ್ನೊಂದು ಇದ್ದರೆ, ಎರಡೂ ಒಟ್ಟಿಗೆ ಕೆಡುವುದು ನೂರರಲ್ಲಿ ಒಂದು ಸಲ ಮಾತ್ರ.

ಆದರೆ ಅಂಗೈಯಗಲದ ಮೊಬೈಲಿನಲ್ಲಿ ಆಂಟೆನಾಗಳನ್ನು ದೂರದೂರ ಇಡಲು ಸ್ಥಳವೆಲ್ಲಿ? ಈ ಭಾರವನ್ನು ಕಳುಹಿಸುವವನ ಮೇಲೆಯೇ ಹೊರಿಸುವ ಸರಳವಾದ ಕ್ರಮವನ್ನು ಸಿಯಾವಷ್ ಅಲಮೌಟಿ ಎಂಬವರು 1998ರಲ್ಲಿ ತೋರಿಸಿಕೊಟ್ಟರು. ವೇದಾಧ್ಯಯನದಲ್ಲಿ ಜಟಾಪಾಠವೆಂಬುದನ್ನು ಹಲವರು ಕೇಳಿರಬಹುದು. ಎರಡು ಪದಗಳನ್ನು ಮೊದಲು ಕ್ರಮವಾಗಿ, ಆಮೇಲೆ ವ್ಯುತ್ಕ್ರಮವಾಗಿ, ಮತ್ತೆ ಕ್ರಮವಾಗಿ ಹೇಳುವುದರಿಂದ ಪಾಠದಲ್ಲಿ ಲೋಪ ನುಸುಳದಂತೆ ಕಾವಲಾಗುವುದು. ಅಲಮೌಟಿಯವರ ಕ್ರಮವೂ ಇದನ್ನು ನೆನಪಿಗೆ ತರುವುದು. ಮೊದಲ ಕ್ಷಣದಲ್ಲಿ ಒಂದನೆಯ ಆಂಟೆನಾ ‘ಅ’ ಎಂಬ ಸಂಕೇತವನ್ನೂ ಎರಡನೆಯದು ‘ಆ’ ಎಂಬುದನ್ನೂ ಕಳುಹಿಸುವುವು. ಮರುಕ್ಷಣದಲ್ಲಿ ಅವು ಅದಲುಬದಲಾಗಿ, ಗಣಿತದ ಚಿಹ್ನೆಯಲ್ಲಿ ಸ್ವಲ್ಪ ಮಾರ್ಪಾಟು ಹೊಂದಿ ಹೊರಡುವುವು. ಎರಡು ಕ್ಷಣಗಳಲ್ಲಿ ಎರಡೇ ಸಂಕೇತಗಳಾದುದರಿಂದ ಕಾಲನಷ್ಟವಿಲ್ಲ. ಆದರೂ ಪ್ರತಿಯೊಂದು ಸಂಕೇತವೂ ಎರಡೆರಡು ದಾರಿ ತುಳಿದಿರುವುದು. ಆ ಮಾರ್ಪಾಟಿನ ಬಲದಿಂದ ಗ್ರಾಹಕ ಯಂತ್ರವು ಬೆರೆತ ಎರಡನ್ನೂ ಬೇರ್ಪಡಿಸಿಕೊಳ್ಳುವುದು.

ಇನ್ನು ವೇಗದ ಮಾತು. ಇಬ್ಬರು ಓಲೆಕಾರರಿದ್ದರೆ ಒಂದೇ ಓಲೆಯ ಎರಡು ಪ್ರತಿಗಳನ್ನು ಇಬ್ಬರ ಕೈಯಲ್ಲಿಯೂ ಕೊಡಬಹುದು. ಅಥವಾ ಇಬ್ಬರಿಗೂ ಬೇರೆಬೇರೆ ಓಲೆ ಕೊಟ್ಟು ಕೆಲಸವನ್ನು ಇಮ್ಮಡಿಯಾಗಿಸಬಹುದು. ಈ ಎರಡನೆಯ ವಿಧಾನವನ್ನು 1992ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರತಿಪಾದಿಸಿದವರು ಆರೋಗ್ಯಸ್ವಾಮಿ ಪೌಲ್‌ರಾಜರು. ಕೊಯಮತ್ತೂರಿನ ಸಮೀಪದ ಪೊಳ್ಳಾಚಿಯಲ್ಲಿ ಹುಟ್ಟಿ, ಭಾರತದ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ನಮ್ಮ ಬೆಂಗಳೂರಿನಲ್ಲಿಯೂ ಸಂಶೋಧನಾ ಕೇಂದ್ರವನ್ನು ಕಟ್ಟಿ ನಡೆಸಿದ ಮಹನೀಯರಿವರು. 2014ರಲ್ಲಿ ಇವರಿಗೆ ಮಾರ್ಕೋನಿ ಪ್ರಶಸ್ತಿಯು ಸಂದಿತು. ವಿನೋದವೇನೆಂದರೆ, ಈ ವಿಧಾನಕ್ಕೆ ಗೋಡೆಮಾಡುಗಳ ಪ್ರತಿಫಲನವೇ ಸಹಾಯಕ: ದಾರಿಗಳು ಹಲವಾದಷ್ಟೂ ಓಲೆಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಸುಲಭ. ಮೊದಲು ದೋಷವೆನಿಸಿದ್ದೇ ಇಲ್ಲಿ ಗುಣವಾಯಿತು.

ಆದರೆ ಇರುವ ಓಲೆಕಾರರು ಇಬ್ಬರೇ. ಭದ್ರತೆಯನ್ನೂ ವೇಗವನ್ನೂ ಏಕಕಾಲದಲ್ಲಿ ಪೂರ್ಣವಾಗಿ ಪಡೆಯುವುದು ಸಾಧ್ಯವಿಲ್ಲ. ದಾರಿ ಚೆನ್ನಾಗಿದ್ದಾಗ ವೇಗವನ್ನೂ, ಕೆಟ್ಟಾಗ ಭದ್ರತೆಯನ್ನೂ ಆರಿಸಿಕೊಳ್ಳುವುದು ಯಂತ್ರದ ವಿವೇಕ.

ಗೃಹಸ್ಥರು ಮಾಡತಕ್ಕದ್ದು ಇಷ್ಟೆ: ವೈಫೈ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ ಅಡಗಿಸದೆ ಮನೆಯ ನಡುವೆ ಎತ್ತರದಲ್ಲಿಡಿರಿ. ಮಾತು ಕಡಿದರೆ ಕೂಗಾಡದೆ ಎರಡು ಹೆಜ್ಜೆ ಸರಿಯಿರಿ. ಯಂತ್ರದಿಂದ ನಾವು ಕಲಿಯತಕ್ಕದ್ದೂ ಒಂದುಂಟು. ಈಚೆಗೆ ನಮ್ಮ ಮಗಳು ಮುಖ್ಯವಾದ ಮಾತನ್ನು ಎರಡು ಬಗೆಯಾಗಿ ಹೇಳುತ್ತಾಳೆ: “ಬರಬೇಡಿ ಅಪ್ಪಾ, ಅಲ್ಲೇ ಇರಿ.” ಒಂದು ಕಳೆದರೂ ಇನ್ನೊಂದು ಬಂದು ಮುಟ್ಟುವುದು.