ಅಲೇಸಿಯಾ ಎಲ್ಲಿದೆ?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು ಮಧ್ಯಾಹ್ನದ ಹೊತ್ತಿನಲ್ಲಿ ಪುಸ್ತಕವೊಂದನ್ನು ಎದೆಯ ಮೇಲಿಟ್ಟುಕೊಂಡು ಬಿದ್ದು ಬಿದ್ದು ನಗುತ್ತಿದ್ದನು. ನಿದ್ರೆ ಕೆಟ್ಟ ಮುದುಕನಿಗೆ ಕೋಪ ಬರುವುದು ಸಹಜವಷ್ಟೆ. “ಏನೋ ಅದು, ಅಷ್ಟೊಂದು ನಗುವಂಥದ್ದು?” ಎಂದು ಗದರಿಸಿ ಪುಸ್ತಕವನ್ನು ಕಸಿದುಕೊಂಡೆ. ಹಿಂದಿರುಗಿಸಿದುದು ಮರುದಿನ ಬೆಳಗ್ಗೆ. ಅಷ್ಟರೊಳಗೆ ನನ್ನ ನಗೆಯಿಂದ ಮನೆಯಾಕೆಯ ನಿದ್ರೆಯೂ ಕೆಟ್ಟಿತ್ತೆಂಬುದನ್ನು ವಾಚಕರಿಂದ ಮುಚ್ಚಿಡುವುದೇಕೆ?

ಅದು ಆಸ್ಟರಿಕ್ಸನ ಚಿತ್ರಕಥೆ. ಕ್ರಿಸ್ತಪೂರ್ವ 50ನೆಯ ವರ್ಷ. ಇಂದು ಫ್ರಾನ್ಸ್ ಎನಿಸಿಕೊಂಡಿರುವ ಗಾಲ್ ದೇಶವನ್ನೆಲ್ಲ ಸೀಸರನ ಸೈನ್ಯ ಗೆದ್ದುಕೊಂಡಿದೆ. ಕಡಲತೀರದ ಒಂದೇ ಒಂದು ಹಳ್ಳಿ ಮಾತ್ರ ತಲೆಬಾಗಿಲ್ಲ. ಅಲ್ಲಿಯ ಗಡ್ಡದ ಪುರೋಹಿತನು ಕುದಿಸಿ ಕೊಡುವ ಕಷಾಯವನ್ನು ಒಂದು ಗುಟುಕು ಕುಡಿದವನಿಗೆ ಹತ್ತಾಳಿನ ಬಲ ಬರುತ್ತದೆ. ಪುಟ್ಟ ಆಸ್ಟರಿಕ್ಸನು ಬುದ್ಧಿಯಿಂದ ಗೆಲ್ಲುವವನು. ಅವನ ಗೆಳೆಯ ಒಬೆಲಿಕ್ಸನೋ, ಶೈಶವದಲ್ಲಿ ಆ ಕಷಾಯದ ಕಡಾಯಿಯೊಳಗೇ ಬಿದ್ದವನು. ಆದಕಾರಣ ಅವನಿಗೆ ಮತ್ತೆ ಕಷಾಯ ಕೊಡುವಂತಿಲ್ಲ. ಪ್ರತಿ ಪುಸ್ತಕದಲ್ಲಿಯೂ ಪಾಪ, ಒಂದು ಗುಟುಕಿಗಾಗಿ ಅಂಗಲಾಚುತ್ತಾನೆ.

ಈ ಹೊಡೆದಾಟಗಳಲ್ಲಿ ಯಾರೂ ಸಾಯುವುದಿಲ್ಲ. ಏಟು ತಿಂದ ರೋಮನ್ ಸಿಪಾಯಿ ಆಕಾಶಕ್ಕೆ ಹಾರುತ್ತಾನೆ. ಅವನ ಚಪ್ಪಲಿಗಳು ಮಾತ್ರ ನೆಲದ ಮೇಲೆ ಉಳಿಯುತ್ತವೆ. ನಗೆಯ ಅರ್ಧಭಾಗ ಹಳೆಯ ಕಾಲಕ್ಕೆ ಹೊಸ ಕಾಲದ ಬಟ್ಟೆ ತೊಡಿಸುವುದರಿಂದ ಹುಟ್ಟುತ್ತದೆ. ಕ್ಲಿಯೋಪಾತ್ರಳ ಕಥೆಯಲ್ಲಿ ಒಬೆಲಿಕ್ಸನು ಸ್ಫಿಂಕ್ಸ್ ವಿಗ್ರಹದ ಮೇಲೆ ಹತ್ತಲು ಹೋಗಿ ಅದರ ಮೂಗು ಮುರಿದುಬೀಳುತ್ತದೆ. ಯಾತ್ರಿಕರಿಗೆ ಪುಟ್ಟ ಸ್ಫಿಂಕ್ಸ್ ಗೊಂಬೆಗಳನ್ನು ಮಾರುತ್ತಿದ್ದ ಅಂಗಡಿಯವರು ಒಡನೆಯೇ ಉಳಿ ಹಿಡಿದು ತಮ್ಮ ಗೊಂಬೆಗಳ ಮೂಗನ್ನೆಲ್ಲ ಕೆತ್ತಿಹಾಕುತ್ತಾರೆ. ಯಾವ ತೀರ್ಥಕ್ಷೇತ್ರದ ರಥಬೀದಿಯಲ್ಲಿ ನಿಂತವರಿಗೂ ಆ ಅಂಗಡಿಯವರು ಅಪರಿಚಿತರಲ್ಲ! ಬ್ರಿಟನ್ನಿನ ಕಥೆಯಲ್ಲಿ ಅಲ್ಲಿಯ ವೀರರು ದಿನವೂ ಐದು ಗಂಟೆಗೆ ಯುದ್ಧ ನಿಲ್ಲಿಸಿ ಬಿಸಿನೀರು ಕುಡಿಯುತ್ತಾರೆ. ಬರಿಯ ಬಿಸಿನೀರು. ಅದಕ್ಕೆ ಹಾಕುವ ಎಲೆ ಅವರಿಗೆ ಇನ್ನೂ ತಿಳಿಯದು.

ನನ್ನ ನಗೆಯನ್ನು ನಡುವೆಯೇ ತಡೆದ ಪುಸ್ತಕ ಬೇರೆ. ಅದು 1968ರಲ್ಲಿ ಪ್ರಕಟವಾದ ಗುರಾಣಿಯ ಕಥೆ. ಕ್ರಿಸ್ತಪೂರ್ವ 52ರಲ್ಲಿ ಗಾಲರ ನಾಯಕ ವರ್ಸಿಂಜೆಟೊರಿಕ್ಸನು ಅಲೇಸಿಯಾ ಎಂಬಲ್ಲಿ ಸೋತು ಸೀಸರನಿಗೆ ಶರಣಾದನು. ಅವನು ಆಯುಧಗಳನ್ನು ಸೀಸರನ ಕಾಲ ಬಳಿ ಚೆಲ್ಲಿದನೆಂಬುದು ಇತಿಹಾಸ. ಕಾಲ ಮೇಲೆಯೇ ಚೆಲ್ಲಿ ಸೀಸರನು ನೋವಿನಿಂದ ಕುಣಿದನೆಂಬುದು ಚಿತ್ರಕಥೆ. ಆ ರಾಶಿಯಿಂದ ಮಾಯವಾದ ಗುರಾಣಿಯನ್ನು ವರ್ಷಗಳ ಮೇಲೆ ಗೆಳೆಯರಿಬ್ಬರೂ ಹುಡುಕುತ್ತ ಹೋಗುತ್ತಾರೆ. ಎದುರಾದ ಹಳಬರನ್ನು ಅಲೇಸಿಯಾದ ವಿಷಯ ಕೇಳಿದರೆ ಮುಗಿಯಿತು: ಮುಖ ಕೆಂಪಾಗುತ್ತದೆ, ಮೇಜು ಗುದ್ದುತ್ತಾರೆ, ಅಲೇಸಿಯಾ ಎಲ್ಲಿದೆಯೋ ತಮಗೆ ಗೊತ್ತೇ ಇಲ್ಲವೆಂದು ಅರಚುತ್ತಾರೆ. ಅದಕ್ಕೆ ಮೊದಲು ತಾವು ಗೆದ್ದ ಜೆರ್ಗೋವಿಯಾದ ಹೆಸರೆತ್ತಿದರೆ ಮಾತ್ರ ಅವರ ಮಾತು ನಿಲ್ಲುವಂತಿಲ್ಲ.

ಈ ಕಥೆ ನಡೆಯುವುದು ಓವೆರ್ನ್ ಎಂಬ ಬೆಟ್ಟದ ಸೀಮೆಯಲ್ಲಿ. ಮುಂಬಯಿಗೆ ನಮ್ಮ ಉಡುಪಿಯವರು ಹೋಗಿ ಹೋಟೆಲು ತೆರೆದಂತೆ, ಆ ಸೀಮೆಯವರು ಪ್ಯಾರಿಸ್ಸಿಗೆ ಹೋಗಿ ಮದ್ಯ ಮತ್ತು ಇದ್ದಲಿನ ಅಂಗಡಿಗಳನ್ನಿಟ್ಟವರು. ಆದುದರಿಂದಲೇ ಪುಸ್ತಕದಲ್ಲಿ ಅಲ್ಲಿಯ ಅಂಗಡಿಗಳಲ್ಲೆಲ್ಲ ಮದ್ಯ, ಇದ್ದಲು, ‘ಸ’ಕಾರವೆಲ್ಲ ‘ಶ’ಕಾರ. ಗೆಳೆಯರು ಅಲ್ಲಿಗೆ ಬರುವ ಕಾರಣವೂ ನಗೆಯದೇ. ಹಳ್ಳಿಯ ಮುಖಂಡನು ಹೊಟ್ಟೆಬಾಕತನದಿಂದ ಯಕೃತ್ತನ್ನು ಕೆಡಿಸಿಕೊಂಡು, ಪಥ್ಯಕ್ಕೂ ಔಷಧದ ನೀರಿಗೂ ಬಿಸಿನೀರಿನ ಬುಗ್ಗೆಗಳ ಊರಿಗೆ ಬಂದಿದ್ದಾನೆ. ಜೊತೆಗೆ ಬಂದವರು ಪಥ್ಯದವರ ಎದುರಿನಲ್ಲೇ ಕಾಡುಹಂದಿ ತಿನ್ನುವುದನ್ನು ಕಂಡು ಅವರನ್ನು ಹೊರಗಟ್ಟುತ್ತಾರೆ.

ಆ ಬುಗ್ಗೆಗಳ ಊರೇ ಇಂದಿನ ವಿಶಿ. 1940ರಲ್ಲಿ ಜರ್ಮನರಿಗೆ ಫ್ರಾನ್ಸ್ ಸೋತಾಗ, ಗೆದ್ದವರೊಡನೆ ಕೈಗೂಡಿಸಿದ ಸರಕಾರ ನಾಲ್ಕು ವರ್ಷ ಕುಳಿತಿದ್ದುದು ಅದೇ ವಿಶಿಯಲ್ಲಿ. ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ, ಇರಬೇಕಾಗಿಯೂ ಇಲ್ಲ. 1968ರಲ್ಲಿ ಅದನ್ನೋದಿದ ಪ್ರತಿಯೊಬ್ಬ ಫ್ರೆಂಚ್ ತಂದೆಗೂ ತಾನು ಹೆಸರೆತ್ತದ ಊರೊಂದು ಇದ್ದೀತು. ಮಗು ಕುಣಿಯುವ ಸೀಸರನನ್ನು ಕಂಡು ನಗುವಾಗ, ತಂದೆ ಮೇಜು ಗುದ್ದುವ ಮುದುಕನಲ್ಲಿ ತನ್ನನ್ನೇ ಕಂಡು ನಕ್ಕಿರಬೇಕೆಂದು ನನ್ನ ಊಹೆ.

ಬರೆದ ರೆನೆ ಗೊಸಿನ್ನಿ ಯೆಹೂದಿ ಮನೆತನದವನು. ಪ್ಯಾರಿಸ್ಸಿನಲ್ಲಿ ಹುಟ್ಟಿ ದೂರದ ಬ್ಯೂನಸ್ ಐರಿಸ್ಸಿನಲ್ಲಿ ಬೆಳೆದುದರಿಂದ ಉಳಿದುಕೊಂಡನು. ಯುರೋಪಿನಲ್ಲಿಯೇ ಇದ್ದ ಅವನ ಸೋದರಮಾವಂದಿರು ನಾಟ್ಸಿಗಳ ಶಿಬಿರಗಳಲ್ಲಿ ಮಡಿದರು. ಚಿತ್ರ ಬರೆದ ಆಲ್ಬೇರ್ ಉಡೆರ್ಜೊ ಇಟಲಿಯಿಂದ ವಲಸೆ ಬಂದವರ ಮಗ. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ಕಣ್ಣಿನವನು. ಯುದ್ಧಕಾಲದಲ್ಲಿ ಕೆಲಕಾಲ ಬ್ರಿಟನಿ ಸೀಮೆಯಲ್ಲಿ ತಲೆಮರೆಸಿಕೊಂಡಿದ್ದನು. ಆಸ್ಟರಿಕ್ಸನ ಹಳ್ಳಿಗೆ ಆರಿಸಿದುದೂ ಅದೇ ಕರಾವಳಿಯನ್ನು. ಇವರಿಬ್ಬರೂ 1959ರಲ್ಲಿ ‘ಪಿಲೋತ್’ ಎಂಬ ವಾರಪತ್ರಿಕೆಗಾಗಿ ಈ ಕಥೆಯನ್ನು ಹೊಸೆದರು. ಸೇಡಿನ ಪುಸ್ತಕ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಗೊಸಿನ್ನಿಗೆ ಇತ್ತು. ಅವನು ಬರೆದುದು ಯಾರೂ ಸಾಯದ ಯುದ್ಧವನ್ನು.

ಕುಂದು ಇಲ್ಲವೆಂದಲ್ಲ. ಪ್ರತಿ ಪ್ರಯಾಣದಲ್ಲೂ ಮುಳುಗುವ ಕಡಲ್ಗಳ್ಳರ ಹಡಗಿನಲ್ಲಿ ಕಂಬದ ಮೇಲಿರುವ ಕಪ್ಪು ಕಾವಲುಗಾರನನ್ನು ದಪ್ಪ ತುಟಿಯ, ತೊದಲು ನುಡಿಯ ಗೊಂಬೆಯನ್ನಾಗಿ ಮಾಡಿರುವುದು ನನಗೆ ಹಿಡಿಸಲಿಲ್ಲ. ರೋಮನನಿಗೆ ತೋರಿದ ಸೌಜನ್ಯವನ್ನು ಅವನಿಗೂ ತೋರಬಹುದಾಗಿತ್ತು.

ನನ್ನ ಸೋದರಮಾವನವರು ಗಂಭೀರ ಸ್ವಭಾವದವರು. ಪಿತ್ರಾರ್ಜಿತ ಗದ್ದೆಯ ವ್ಯಾಜ್ಯವನ್ನು ಹನ್ನೊಂದು ವರ್ಷ ನಡೆಸಿ ಸೋತರು. ಅಂದಿನಿಂದ ಆ ನ್ಯಾಯಾಲಯವಿದ್ದ ಊರಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಮದುವೆಯ ಕರೆಯೋಲೆ ಆ ಊರಿನಿಂದ ಬಂದರೆ, “ಅದು ಎಲ್ಲಿದೆಯೋ ನನಗೆ ತಿಳಿಯದು” ಎಂದು ಬದಿಗಿಡುವರು. ಮಕ್ಕಳಾದ ನಾವು ಅವರ ದನಿಯನ್ನು ಅನುಕರಿಸಿ ಹಿತ್ತಲಿನಲ್ಲಿ ನಗುತ್ತಿದ್ದೆವು. ಒಮ್ಮೆ ಅವರು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ಗದರಿಸುವರೆಂದು ನಾವು ನಡುಗುತ್ತಿರಲು, “‘ತಿಳಿಯದು’ ಎಂಬಲ್ಲಿ ಇನ್ನೂ ಸ್ವಲ್ಪ ಎಳೆಯಬೇಕು” ಎಂದು ತಿದ್ದಿ ಒಳಕ್ಕೆ ಹೋದರು.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. “ತಾತಾ, ಅಲೇಸಿಯಾ ನಿಜವಾಗಿಯೂ ಎಲ್ಲಿದೆ?” ಎಂದು ಕೇಳಿದನು. ಬರ್ಗಂಡಿಯ ಅಲೀಸ್-ಸೇಂಟ್-ರೇನ್ ಎಂಬ ಊರಿನ ಬಳಿ, 1861ರಿಂದ ಮೂರನೆಯ ನೆಪೋಲಿಯನ್ ಅಗೆಸಿ ನೋಡಿದ ಗುಡ್ಡದಲ್ಲಿ; ಸೋತ ನಾಯಕನ ದೊಡ್ಡ ವಿಗ್ರಹ 1865ರಿಂದ ಅಲ್ಲಿಯೇ ನಿಂತಿದೆ, ಎಂದು ಭೂಪಟದ ಮೇಲೆ ಬೆರಳಿಟ್ಟು ತೋರಿಸಿದೆ.

“ಹಾಗಾದರೆ ನಿನ್ನ ಮಾವನ ಆ ಊರು?”

“ಅದು ಎಲ್ಲಿದೆಯೋ ನನಗೆ ತಿಳಿಯ... ದು” ಎಂದೆ.